ಕಾರ್ಲ್ ಲಿನೇಯಸ್: ಮಿಡತೆಗಳನ್ನು ಗುಂಪು ಮಾಡಿದ ಗುರು

ಕಾರ್ಲ್ ಲಿನೇಯಸ್ 1707ರ ಮೇ 23ರಂದು ಸ್ವೀಡನ್ನಿನ ಒಂದು ಹಳ್ಳಿಯಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿ. ಗಿಡಗಳ ಮೊದಲ ಪಾಠ ಆದದ್ದು ತಂದೆಯ ಕೈತೋಟದಲ್ಲಿ. ವೈದ್ಯಶಾಸ್ತ್ರ ಓದಿದ ಅವರು 1735ರಲ್ಲಿ ಹಾಲೆಂಡಿನಲ್ಲಿ ‘ಸಿಸ್ಟೆಮಾ ನ್ಯಾಚುರೇ’ ಪ್ರಕಟಿಸಿದರು. ಆಗ ಅದು ಕೆಲವೇ ದೊಡ್ಡ ಹಾಳೆಗಳ ಪುಸ್ತಕ. 1741ರಲ್ಲಿ ಉಪ್ಸಾಲ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಶಿಷ್ಯರನ್ನು ಊರಾಚೆ ಕರೆದೊಯ್ದು ಗಿಡ, ಹುಳುಗಳನ್ನು ಕೈಯಲ್ಲಿ ಹಿಡಿದೇ ಪಾಠ ಹೇಳುತ್ತಿದ್ದರು.

1758ರ ಹತ್ತನೆಯ ಆವೃತ್ತಿಯಲ್ಲಿ ಅವರು ಪ್ರಾಣಿಗಳಿಗೆಲ್ಲ ಜಾತಿ, ಪ್ರಭೇದ ಎಂಬ ಎರಡು ಪದಗಳ ಹೆಸರಿಟ್ಟರು. ಕೀಟಗಳನ್ನು ಮುಖ್ಯವಾಗಿ ರೆಕ್ಕೆ ನೋಡಿ ಏಳು ಗಣಗಳಾಗಿ ವಿಂಗಡಿಸಿದರು. ಮಿಡತೆ, ಚಿಮ್ಮಂಡೆ, ಮುಂಗಾಲು ಮಡಚಿ ಕೂರುವ ಮ್ಯಾಂಟಿಸ್, ಉದ್ದ ಕುಡಿಮೀಸೆಯ ಎಲೆಮಿಡತೆ ಇವೆಲ್ಲವೂ ‘ಗ್ರಿಲ್ಲಸ್’ ಎಂಬ ಒಂದೇ ಜಾತಿಗೆ ಸೇರಿದವು. ಆ ಜಾತಿಯನ್ನು ದುಂಬಿಗಳ ಗಣದಲ್ಲಿಟ್ಟರು. 1767ರಲ್ಲಿ ಅದನ್ನು ಅವರೇ ಬೇರೆ ಗಣಕ್ಕೆ ಸಾಗಿಸಿ, ಮ್ಯಾಂಟಿಸನ್ನು ಪ್ರತ್ಯೇಕಿಸಿದರು. ಎಲೆಮಿಡತೆಗಳ ಒಳಗುಂಪಿಗೆ ಅವರು ಕೊಟ್ಟ ಹೆಸರು ‘ಟೆಟಿಗೋನಿಯ’. ಅದರ ಮೂಲವಾದ ಗ್ರೀಕ್ ಪದದ ಅರ್ಥ ಮಾತ್ರ ಜೀರುಂಡೆ.

ಮುಂದಿನ ತಿದ್ದುಪಡಿ ಶಿಷ್ಯನಿಂದ ಬಂತು. ಉಪ್ಸಾಲದಲ್ಲಿ ಓದಿದ ಯೋಹಾನ್ ಫ್ಯಾಬ್ರಿಸಿಯಸ್ 1775ರಲ್ಲಿ ರೆಕ್ಕೆಯನ್ನು ಬಿಟ್ಟು ಬಾಯಿಯ ಭಾಗಗಳನ್ನು ಆಧಾರವಾಗಿ ಹಿಡಿದರು. ಗುರುವಿನ ‘ಗ್ರಿಲ್ಲಸ್’ ಹಲವು ಜಾತಿಗಳಾಗಿ ಒಡೆಯಿತು. ಆದರೆ ಫ್ಯಾಬ್ರಿಸಿಯಸ್ ‘ಟೆಟಿಗೋನಿಯ’ವನ್ನು ಜೀರುಂಡೆಗಳಿಗೆ, ‘ಲೋಕಸ್ಟ’ವನ್ನು ಎಲೆಮಿಡತೆಗಳಿಗೆ ಕೊಟ್ಟರು. ಹೀಗೆ ಒಂದೇ ಹೆಸರು ಒಂದೊಂದು ಪುಸ್ತಕದಲ್ಲಿ ಒಂದೊಂದು ಕೀಟವನ್ನು ಸೂಚಿಸಿ, 19ನೆಯ ಶತಮಾನದುದ್ದಕ್ಕೂ ಗೊಂದಲ ಉಳಿಯಿತು. ಮೊದಲು ಇಟ್ಟ ಹೆಸರೇ ನಿಲ್ಲಬೇಕು, ಲೆಕ್ಕ 1758ರಿಂದ ಶುರುವಾಗಬೇಕು ಎಂಬ ನಿಯಮದಿಂದ ‘ಟೆಟಿಗೋನಿಯ’ ಎಲೆಮಿಡತೆಗಳಿಗೇ ಮರಳಿತು.

ಲಿನೇಯಸ್ 1778ರ ಜನವರಿ 10ರಂದು ತೀರಿಕೊಂಡರು. ಅವರ ಸಂಗ್ರಹ ಈಗ ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿದೆ. ಒಂದು ಹೆಸರು ಯಾವ ಕೀಟದ್ದೆಂಬ ಸಂಶಯ ಬಂದಾಗ ತಜ್ಞರು ಅಲ್ಲಿನ ಮಾದರಿಗಳನ್ನೇ ನೋಡುತ್ತಾರೆ. ಇಂದು ಎಲೆಮಿಡತೆಗಳ ಏಳು ಸಾವಿರಕ್ಕೂ ಹೆಚ್ಚು ಪ್ರಭೇದಗಳು ತಿಳಿದಿವೆ. ನೋಡಲು ಒಂದೇ ತೆರನಾದವುಗಳನ್ನು ಗಂಡಿನ ಹಾಡಿನಿಂದಲೂ ಹೊಟ್ಟೆಯ ತುದಿಯ ಅಂಗಗಳಿಂದಲೂ ಬೇರ್ಪಡಿಸುತ್ತಾರೆ.

ವರ್ಗೀಕರಣ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಗಣ, ಜಾತಿಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮೊದಲು ಮಕ್ಕಳ ಮುಂದೆ ನಾಲ್ಕಾರು ಕೀಟಗಳನ್ನೋ ಅವುಗಳ ಚಿತ್ರಗಳನ್ನೋ ಇಟ್ಟು ಗುಂಪು ಮಾಡಲು ಹೇಳಲಿ. ಯಾವ ಲಕ್ಷಣ ನೋಡಿ ಸೇರಿಸಿದಿರಿ ಎಂದು ಕೇಳಲಿ. ಒಬ್ಬರು ರೆಕ್ಕೆ ಎಂದು, ಇನ್ನೊಬ್ಬರು ಬಾಯಿ ಎಂದು ಉತ್ತರಿಸಿದರೆ ಇಬ್ಬರ ಗುಂಪುಗಳನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆಯಲಿ. ಗುರುಶಿಷ್ಯರ ಈ ಭಿನ್ನಾಭಿಪ್ರಾಯವನ್ನು ಅಲ್ಲಿಂದಲೇ ವಿವರಿಸಬಹುದು.