ತುರಿಚೆಯ ಬಳ್ಳಿ ಮತ್ತು ವಾನ್ ರೀಡ್

ಕಳೆದ ಮಳೆಗಾಲದ ಕೊನೆಯಲ್ಲಿ ನಾವು ವಿದ್ಯಾರ್ಥಿಗಳನ್ನು ಬೋರಿವಲಿಯ ಕಾಡಿಗೆ ಕರೆದುಕೊಂಡು ಹೋಗಿದ್ದೆವು. ದಾರಿಯ ಬದಿಯ ಪೊದೆಯ ಮೇಲೆ ಹಬ್ಬಿದ್ದ ಬಳ್ಳಿಯೊಂದು ಒಬ್ಬ ಹುಡುಗನ ಮೊಣಕೈಗೆ ಸೋಂಕಿತು. ಕ್ಷಣಮಾತ್ರದಲ್ಲಿ ಅವನ ಚರ್ಮ ಕೆಂಪಾಗಿ ದದ್ದುಗಳೆದ್ದವು. ಇದು ಯಾವ ಗಿಡವೆಂಬ ಪ್ರಶ್ನೆ ಎದ್ದಿತು. ಊರಿನಲ್ಲಿ ನಾವು ಚಿಕ್ಕಂದಿನಲ್ಲಿ ಅಂಜಿ ದೂರ ನಡೆಯುತ್ತಿದ್ದ ತುರಿಚೆಯಂತೆಯೇ ಅದು ಕಂಡಿತು. ಅದು ನಸುಗುನ್ನಿಯೆಂದು ಒಬ್ಬ ವಿದ್ಯಾರ್ಥಿನಿ ವಾದಿಸಿದಳು. ಬೇರೆಯವರಿಗೆ ಯಾವ ಹೆಸರೂ ತಿಳಿದಿರಲಿಲ್ಲ. ಆ ಸಂಜೆ ಮನೆಗೆ ಮರಳುವಾಗ ನಮಗೆ ನೆನಪಾದವನು, ಮುನ್ನೂರೈವತ್ತು ವರ್ಷಗಳ ಹಿಂದೆ ಇದೇ ಬಗೆಯ ಪ್ರಶ್ನೆಯನ್ನು ನೂರಾರು ಗಿಡಗಳ ವಿಷಯದಲ್ಲಿ ಕೇಳಿದ ಹೆಂಡ್ರಿಕ್ ವಾನ್ ರೀಡ್. ಅವನ ಜೀವನವನ್ನು ವಿದ್ಯಾರ್ಥಿಗಳು ತಿಳಿದಿರಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ವಾನ್ ರೀಡ್ 1636ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಜನಿಸಿದನು. ಕುಲೀನ ಮನೆತನದವನಾದರೂ ಅವನು ಇಪ್ಪತ್ತರ ಹರೆಯದಲ್ಲಿಯೇ ಮನೆಯನ್ನು ಬಿಟ್ಟು ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ ಪೂರ್ವದೇಶಗಳತ್ತ ಹಡಗನ್ನೇರಿದನು. ಡಚ್ಚರು 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಗೆದ್ದುಕೊಂಡರು. ಆ ಕಾಲದ ಯುದ್ಧಗಳಲ್ಲಿ ಅವನು ಸೈನಿಕನಾಗಿದ್ದನು. 1670ರ ಹೊತ್ತಿಗೆ ಅವನು ಮಲಬಾರಿನ ಡಚ್ ಅಧಿಪತಿಯ ಪದವಿಗೆ ಏರಿದನು. ಕರಿಮೆಣಸಿನ ವ್ಯಾಪಾರವನ್ನು ಭದ್ರಪಡಿಸುವುದು ಅವನ ಉದ್ಯೋಗ. ಅವನು ಬಂದುದು ಲಾಭಕ್ಕಾಗಿ, ಆಳುವುದಕ್ಕಾಗಿ. ಇದನ್ನು ನಾವು ಮರೆಮಾಚಬೇಕಾಗಿಲ್ಲ.

ಆದರೆ ಕೊಚ್ಚಿಯ ಸುತ್ತಣ ಹಸಿರು ಅವನ ಕಣ್ಣನ್ನು ಸೆಳೆಯಿತು. ಕಂಪನಿಯವರು ತಮ್ಮ ಸೈನಿಕರ ರೋಗಗಳಿಗೆ ಯೂರೋಪಿನಿಂದ ಔಷಧಗಳನ್ನು ತರಿಸುತ್ತಿದ್ದರು. ತಿಂಗಳುಗಟ್ಟಲೆ ಕಡಲಿನ ಮೇಲೆ ಬಂದ ಮದ್ದು ಕೊಚ್ಚಿಯನ್ನು ಮುಟ್ಟುವಷ್ಟರಲ್ಲಿ ಸತ್ವಹೀನವಾಗುತ್ತಿತ್ತು. ಅವುಗಳಲ್ಲಿ ಕೆಲವಂತೂ ಪೂರ್ವದೇಶಗಳಿಂದಲೇ ಯೂರೋಪಿಗೆ ಹೋದವು! ಮನೆಯ ಅಂಗಳದಲ್ಲಿ ಬೆಳೆಯುವುದನ್ನು ಬಿಟ್ಟು ದೂರದಿಂದ ಕೊಳ್ಳುವ ಈ ಅವಿವೇಕವನ್ನು ಕಂಡು, ಮಲಬಾರಿನ ಗಿಡಮರಗಳೆಲ್ಲವನ್ನೂ ಚಿತ್ರಸಹಿತವಾಗಿ ವರ್ಣಿಸುವ ಒಂದು ಗ್ರಂಥವನ್ನು ಸಿದ್ಧಪಡಿಸಲು ಅವನು ಸಂಕಲ್ಪಿಸಿದನು.

ಅವನು ಸಸ್ಯಶಾಸ್ತ್ರವನ್ನು ಓದಿದವನಲ್ಲ. ಅವನ ಹಿರಿಮೆ ಇರುವುದು ಇಲ್ಲಿಯೇ. ತನಗೆ ತಿಳಿಯದುದನ್ನು ತಿಳಿದವರು ಯಾರೆಂದು ಅವನು ಹುಡುಕಿದನು. ಚೇರ್ತಲೆಯ ಸಮೀಪದ ಕಡಕ್ಕರಪ್ಪಳ್ಳಿ ಎಂಬ ಊರಿನಲ್ಲಿ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನಿದ್ದನು. ತಲೆಮಾರುಗಳಿಂದ ಬಂದ ಔಷಧವಿದ್ಯೆ ಅವನ ಮನೆಯ ಓಲೆಗರಿಗಳಲ್ಲಿತ್ತು. ಇವನೊಡನೆ ಕೊಂಕಣಿಯನ್ನು ಮಾತನಾಡುವ ರಂಗಭಟ್ಟ, ವಿನಾಯಕ ಪಂಡಿತ ಮತ್ತು ಅಪ್ಪುಭಟ್ಟರೆಂಬ ಮೂವರು ವೈದ್ಯರೂ ಸೇರಿದರು. ಆಳುಗಳು ಕಾಡಿನಿಂದ ಗಿಡಗಳನ್ನು ಹೂವು ಕಾಯಿಗಳೊಡನೆ ತರುವರು, ಚಿತ್ರಕಾರರು ಬರೆಯುವರು, ವೈದ್ಯರು ಹೆಸರನ್ನೂ ಗುಣವನ್ನೂ ಹೇಳುವರು. ಇಟ್ಟಿ ಅಚ್ಯುತನ್ ಮಲೆಯಾಳದಲ್ಲಿ ಹೇಳಿದುದನ್ನು ಇಮ್ಯಾನುಯೆಲ್ ಕಾರ್ನೇರೊ ಎಂಬ ದುಭಾಷಿಯು ಪೋರ್ಚುಗೀಸ್ ಭಾಷೆಗೆ ತಿರುಗಿಸಿದನು. ಅಲ್ಲಿಂದ ಅದು ವಿದ್ವಾಂಸರ ಭಾಷೆಯಾದ ಲ್ಯಾಟಿನ್ನಿಗೆ ಹೋಯಿತು.

ಇಷ್ಟು ಭಾಷೆಗಳನ್ನು ದಾಟಿಹೋಗುವಾಗ ಗಿಡದ ಹೆಸರು ಉಳಿಯುವುದೇ ಕಷ್ಟ. ವಾನ್ ರೀಡನು ಅದನ್ನು ಉಳಿಸಿದನು. ಊರಿನ ಜನರು ಕರೆಯುವ ಹೆಸರುಗಳಿಂದಲೇ ಗ್ರಂಥದಲ್ಲಿ ಗಿಡಗಳನ್ನು ಕರೆದನು. ಚಿತ್ರಗಳ ಮೇಲೆ ಮಲೆಯಾಳದ ಅಕ್ಷರಗಳನ್ನೂ ಕೆತ್ತಿಸಿದನು. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಲ್ಲಿ ಅಚ್ಚಾದ ಮೊದಲನೆಯ ಸಂಪುಟದಲ್ಲಿ, ನಾಲ್ವರು ವೈದ್ಯರೂ ತಮ್ಮ ತಮ್ಮ ಲಿಪಿಗಳಲ್ಲಿ ಬರೆದುಕೊಟ್ಟ ಸಾಕ್ಷ್ಯಪತ್ರಗಳನ್ನು ಇದ್ದಂತೆಯೇ ಸೇರಿಸಿದನು. ಗೆದ್ದವನು ಸೋತ ನಾಡಿನ ಪಂಡಿತರ ಹೆಸರನ್ನು ಹೀಗೆ ಮುಂದಿಟ್ಟ ಉದಾಹರಣೆಗಳು ಆ ಕಾಲದಲ್ಲಿ ವಿರಳ. ‘ಹೋರ್ಟಸ್ ಮಲಬಾರಿಕಸ್’, ಅಂದರೆ ಮಲಬಾರಿನ ಉದ್ಯಾನ, ಎಂಬ ಈ ಗ್ರಂಥವು ಹನ್ನೆರಡು ಸಂಪುಟಗಳಾಗಿ ಬೆಳೆಯಿತು. 740ಕ್ಕೂ ಹೆಚ್ಚು ಸಸ್ಯಗಳ ವರ್ಣನೆ ಅದರಲ್ಲಿದೆ.

ಎರಡನೆಯ ಸಂಪುಟವು 1679ರಲ್ಲಿ ಪ್ರಕಟವಾಯಿತು. ನಮ್ಮ ಬಳ್ಳಿ ಇರುವುದು ಅದರಲ್ಲಿ. ಮಲೆಯಾಳದವರು ಅದನ್ನು ಚೊರಿಯಣಂ ಎನ್ನುತ್ತಾರೆ. ಚೊರಿ ಎಂದರೆ ತುರಿ. ನಮ್ಮ ತುರಿಚೆಯಲ್ಲಿರುವುದೂ ಅದೇ ಅರ್ಥ. ಅದೇ ಹೆಸರಿನ ಗುಂಪಿನಲ್ಲಿ ಆನೆಚೊರಿಯಣವೆಂಬುದೂ ಇದೆ. ತುರಿಸುವ ಗಿಡಗಳನ್ನು ಜನರು ತುರಿಕೆಯಿಂದಲೇ ಒಟ್ಟುಗೂಡಿಸಿದರು. ಆದರೆ ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಹೆಸರಿಡಲು ಮರೆಯಲಿಲ್ಲ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಈ ಬಳ್ಳಿಗೆ ಟ್ರೇಜಿಯಾ ಇನ್ವೊಲ್ಯೂಕ್ರೇಟಾ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟಾಗ ವಾನ್ ರೀಡನ ಚಿತ್ರವನ್ನು ಆಧಾರವಾಗಿ ಉಲ್ಲೇಖಿಸಿದನು. ಭಾರತಕ್ಕೆ ಕಾಲಿಡದ ಲಿನೇಯಸನಿಗೆ ಇಟ್ಟಿ ಅಚ್ಯುತನ್ನನ ಮಾತು ಹೀಗೆ ತಲುಪಿತು.

ವಿದ್ಯಾರ್ಥಿಗಳು ಈ ಗಿಡಗಳನ್ನು ಗುರುತಿಸುವುದು ಹೇಗೆ? ತುರಿಚೆಯು ಆಸರೆಯನ್ನು ಸುತ್ತಿ ಏರುವ ತೆಳುವಾದ ಬಳ್ಳಿ. ಎಲೆಯ ಅಂಚು ಗರಗಸದಂತೆ. ಮೈಯೆಲ್ಲ ಬಿರುಸಾದ ರೋಮ. ಅದರ ಚಿಕ್ಕ ಕಾಯಿ ಹರಳಿನ ಕಾಯಿಯಂತೆ ಮೂರು ಹೋಳುಗಳಾಗಿರುತ್ತದೆ, ಏಕೆಂದರೆ ಅದು ಹರಳಿನ ಕುಟುಂಬಕ್ಕೆ ಸೇರಿದುದು. ಅದರ ರೋಮದಲ್ಲಿ ಸೂಜಿಯಂಥ ಹರಳೊಂದಿದ್ದು ಚರ್ಮವನ್ನು ಚುಚ್ಚುತ್ತದೆ. ಆನೆಚೊರಿಯಣವು ಬಳ್ಳಿಯಲ್ಲ, ಸಹ್ಯಾದ್ರಿಯ ದಟ್ಟವಾದ ನೆರಳಿನಲ್ಲಿ ಬೆಳೆಯುವ ದೊಡ್ಡ ಎಲೆಗಳ ಪೊದೆ ಅಥವಾ ಸಣ್ಣ ಮರ. ಅದರ ಕುಟುಂಬವೇ ಬೇರೆ. ಅದರ ಟೊಳ್ಳು ರೋಮದ ತುದಿಯು ಗಾಜಿನಂತೆ ಮುರಿದು ಒಳಗಿನ ದ್ರವವು ಚರ್ಮಕ್ಕೆ ಇಳಿಯುತ್ತದೆ. ನೋವು ದಿನಗಟ್ಟಲೆ ಉಳಿಯುವುದೂ ಉಂಟು. ನಸುಗುನ್ನಿಯೂ ಬಳ್ಳಿಯೇ, ಆದರೆ ಅದು ಅವರೆಯ ಬಳಗದ್ದು, ಒಂದು ತೊಟ್ಟಿಗೆ ಮೂರು ಎಲೆಗಳು, ತುರಿಸುವುದು ಅದರ ಕಾಯಿಯ ಮೇಲಿನ ಕಂದು ರೋಮ. ಯಾವುದು ಸೋಂಕಿದರೂ ಆ ಜಾಗವನ್ನು ಉಜ್ಜಬಾರದು. ಉಜ್ಜಿದರೆ ರೋಮಗಳು ಇನ್ನಷ್ಟು ಆಳಕ್ಕೆ ಇಳಿಯುತ್ತವೆ.

ವಾನ್ ರೀಡನು 1677ರಲ್ಲಿ ಮಲಬಾರನ್ನು ಬಿಟ್ಟು, ಬಟೇವಿಯಾದ ಮಾರ್ಗವಾಗಿ ಸ್ವದೇಶಕ್ಕೆ ಮರಳಿದನು. 1684ರಲ್ಲಿ ಕಂಪನಿಯವರು ಪೂರ್ವದ ತಮ್ಮ ಕೋಠಿಗಳಲ್ಲಿ ನಡೆಯುತ್ತಿದ್ದ ಲಂಚ ವಂಚನೆಗಳನ್ನು ವಿಚಾರಿಸಲು ಅವನನ್ನೇ ನೇಮಿಸಿದರು. ಆಫ್ರಿಕದ ದಕ್ಷಿಣದ ತುದಿ, ಸಿಂಹಳ, ವಂಗ, ಚೋಳಮಂಡಲಗಳನ್ನೆಲ್ಲ ಸುತ್ತಿ ಅವನು ಮತ್ತೆ ಕೊಚ್ಚಿಗೆ ಬಂದನು. ಅಲ್ಲಿಂದ ಸೂರತ್ತಿಗೆ ಹೊರಟಾಗ, 1691ರ ಡಿಸೆಂಬರ್ 15ರಂದು, ನಮ್ಮ ಈ ಮುಂಬಯಿಯ ಕರಾವಳಿಯಾಚೆ ಹಡಗಿನಲ್ಲಿಯೇ ಪ್ರಾಣಬಿಟ್ಟನು. ಸೂರತ್ತಿನ ಡಚ್ಚರ ಶ್ಮಶಾನದಲ್ಲಿ ಅವನ ಭವ್ಯವಾದ ಸಮಾಧಿಯಿದೆ. ಹನ್ನೆರಡನೆಯ ಸಂಪುಟವು ಹೊರಬಂದುದು 1693ರಲ್ಲಿ. ಅದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ.

ಗ್ರಂಥವು ಲ್ಯಾಟಿನ್ನಿನಲ್ಲಿದ್ದುದರಿಂದ, ಯಾರ ಬಾಯಿಂದ ಅದು ಹುಟ್ಟಿತೋ ಆ ಜನಕ್ಕೇ ಅದು ಮೂರು ಶತಮಾನಗಳ ಕಾಲ ಮುಚ್ಚಿದ ಬಾಗಿಲಾಗಿತ್ತು. ಕೇರಳದ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲರು ದಶಕಗಳ ಕಾಲ ದುಡಿದು ಅದನ್ನು 2003ರಲ್ಲಿ ಇಂಗ್ಲಿಷಿಗೂ, 2008ರಲ್ಲಿ ಮಲೆಯಾಳಕ್ಕೂ ತಂದರು. ಚೊರಿಯಣದ ಕಥೆ ಕೊನೆಗೂ ತನ್ನ ಮನೆಗೆ ಮರಳಿತು.

ನಮ್ಮ ಮಕ್ಕಳು ಹುಟ್ಟಿದ ನಗರದಲ್ಲಿ ಕಾಡು ಕಡಮೆ. ಕನ್ನಡದಲ್ಲಿ ಗಿಡಗಳ ಹೆಸರನ್ನು ಹೇಳುವವರು ಅದಕ್ಕಿಂತಲೂ ಕಡಮೆ. ಮನೆಯ ಹಿರಿಯರೊಡನೆ ಆ ಹೆಸರುಗಳೂ ಹೊರಟುಹೋಗುತ್ತಿವೆ. ಬೋರಿವಲಿಯ ಬಳ್ಳಿಯಲ್ಲಿ ಮೂರು ಹೋಳಿನ ಕಾಯಿಯಿತ್ತು. ಆದುದರಿಂದ ಅದು ತುರಿಚೆಯೇ ಎಂದು ಮಾರನೆಯ ದಿನ ತರಗತಿಯಲ್ಲಿ ತೀರ್ಮಾನವಾಯಿತು. ನಸುಗುನ್ನಿಯೆಂದಿದ್ದ ವಿದ್ಯಾರ್ಥಿನಿ ತಪ್ಪಿದ್ದಳು, ಆದರೆ ಆ ಹೆಸರನ್ನು ಅವಳು ತನ್ನ ಅಜ್ಜಿಯಿಂದ ಕಲಿತಿದ್ದಳು. ಅವಳಿಗೆ ನಾವು ಒಂದು ಪುಸ್ತಕವನ್ನು ಕೊಟ್ಟು, ಅಜ್ಜಿ ಹೇಳುವ ಗಿಡಗಳ ಹೆಸರುಗಳನ್ನೆಲ್ಲ ಬರೆದುಕೊಳ್ಳಲು ಹೇಳಿದೆವು. ಎಲ್ಲ ವಿದ್ಯಾರ್ಥಿಗಳೂ ರಜೆಯಲ್ಲಿ ಊರಿಗೆ ಹೋದಾಗ ಹಾಗೆಯೇ ಮಾಡಬೇಕೆಂಬುದು ನಮ್ಮ ಆಸೆ. ವಾನ್ ರೀಡನಂತೆ, ಪ್ರತಿಯೊಂದು ಗಿಡದ ಹೆಸರಿನ ಪಕ್ಕದಲ್ಲಿ, ಅದನ್ನು ಹೇಳಿಕೊಟ್ಟವರ ಹೆಸರನ್ನೂ ಬರೆಯುವುದನ್ನು ಮಾತ್ರ ಮರೆಯಬಾರದು.