ಕೋಳಿಗಳಿಂದ ಪಾಠ ಕಲಿತ ಪಾಶ್ಚರ್: ಕೊಲ್ಲುವ ರೋಗಾಣು ಕಾಯುವ ಲಸಿಕೆ ಆಗುವುದು ಹೇಗೆ?

ಲೂಯಿ ಪಾಶ್ಚರ್ ಬಗ್ಗೆ ಒಂದು ಕತೆ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಸಹಾಯಕ ರಜೆಗೆ ಹೋದ, ರೋಗಾಣು ಬೆಳೆಸಿದ್ದ ಸೀಸೆಗಳನ್ನು ಮರೆತ, ಆ ಹಳೆಯ ದ್ರವ ಚುಚ್ಚಿದ ಕೋಳಿಗಳು ಸಾಯಲಿಲ್ಲ, ಲಸಿಕೆ ಆಕಸ್ಮಿಕವಾಗಿ ಸಿಕ್ಕಿಬಿಟ್ಟಿತು! ಕತೆ ಚೆನ್ನಾಗಿದೆ. ಆದರೆ ಕೆಲಸ ಅಷ್ಟು ಸುಲಭವಾಗಿ ಆಗಲಿಲ್ಲ.

ಯಾರು ಈ ಪಾಶ್ಚರ್?

ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸ್‌ನ ದೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದ ಮಾಡುವ ಕೆಲಸದವರು. ಮಗ ಓದಿದ್ದು ರಸಾಯನಶಾಸ್ತ್ರ; ಅವರು ವೈದ್ಯರೂ ಅಲ್ಲ, ಪಶುವೈದ್ಯರೂ ಅಲ್ಲ. ದ್ರಾಕ್ಷಾರಸ ಹುಳಿಯುವುದೇಕೆ, ಹಾಲು ಕೆಡುವುದೇಕೆ ಎಂದು ಹುಡುಕುತ್ತಾ ಸೂಕ್ಷ್ಮಜೀವಿಗಳ ಲೋಕಕ್ಕೆ ಬಂದರು. 1859 ಮತ್ತು 1866ರ ನಡುವೆ ಮೂವರು ಹೆಣ್ಣುಮಕ್ಕಳನ್ನು ಕಳೆದುಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ದುರ್ಬಲವಾಯಿತು. ಆಗ ಅವರಿಗೆ 45 ವರ್ಷ. ದೊಡ್ಡ ಲಸಿಕೆಗಳೆಲ್ಲ ಬಂದದ್ದು ಇದಾದ ಮೇಲೆಯೇ.

ಕೋಳಿ ಮನೆಯ ಪ್ರಯೋಗ

ಆ ಕಾಲದಲ್ಲಿ ಫ್ರಾನ್ಸ್‌ನ ರೈತರನ್ನು ಕಾಡುತ್ತಿದ್ದದ್ದು ಕೋಳಿ ಕಾಲರಾ. ರೋಗ ತಗುಲಿದ ಕೋಳಿ ರೆಕ್ಕೆ ಇಳಿಬಿಟ್ಟು ತೂಕಡಿಸಿ, ನೋಡನೋಡುತ್ತಲೇ ಸಾಯುತ್ತಿತ್ತು. ಇದಕ್ಕೆ ಕಾರಣ ವೈರಸ್ ಅಲ್ಲ, ಒಂದು ಬ್ಯಾಕ್ಟೀರಿಯಾ. ತುಲೂಸ್‌ನ ಪಶುವೈದ್ಯ ತೂಸಾನ್ ಅವರಿಂದ ಬಂದ ಮಾದರಿಯನ್ನು ಪಾಶ್ಚರ್ ಕೋಳಿ ಸಾರಿನಲ್ಲೇ ಬೆಳೆಸಿದರು.

1879ರಿಂದ 1880ರವರೆಗೆ ಕೆಲಸ ನಡೆಯಿತು. ರೋಗಾಣುವನ್ನು ಬಹಳ ದಿನ ಹಾಗೇ ಇಟ್ಟರೆ ಅದರ ಉಗ್ರತೆ ಕುಗ್ಗುತ್ತದೆ, ಅದನ್ನು ಚುಚ್ಚಿದ ಕೋಳಿ ಮುಂದೆ ಉಗ್ರ ರೋಗಾಣುವನ್ನೂ ತಡೆದುಕೊಳ್ಳುತ್ತದೆ ಎಂದು ಗೊತ್ತಾಯಿತು. ಪಾಶ್ಚರ್ ಅವರ ಟಿಪ್ಪಣಿ ಪುಸ್ತಕಗಳನ್ನು ಓದಿದ ಇತಿಹಾಸಕಾರರು ಹೇಳುವಂತೆ, ಇದರ ಹಿಂದೆ ಸಹೋದ್ಯೋಗಿ ಎಮಿಲ್ ರೂ ತಿಂಗಳುಗಟ್ಟಲೆ ಮಾಡಿದ ಪ್ರಯೋಗಗಳಿವೆ. ಅದೃಷ್ಟ ಇದ್ದರೂ ಅದೊಂದೇ ಸಾಲದು.

ಪಾಶ್ಚರ್ ದೇವರಂಥ ಮನುಷ್ಯರೇನೂ ಆಗಿರಲಿಲ್ಲ. ಫಲಿತಾಂಶವನ್ನು 1880ರ ಫೆಬ್ರವರಿಯಲ್ಲಿ ಪ್ರಕಟಿಸಿದರೂ ವಿಧಾನವನ್ನು ಅಕ್ಟೋಬರ್‌ವರೆಗೆ ಗುಟ್ಟಾಗಿಟ್ಟರು. ವಾದ ಎಷ್ಟು ಬಿಸಿಯಾಯಿತೆಂದರೆ, 80ರ ಅಂಚಿನಲ್ಲಿದ್ದ ವೈದ್ಯ ಗೆರಾನ್, ಪಾಶ್ಚರ್ ಅವರನ್ನು ದ್ವಂದ್ವಯುದ್ಧಕ್ಕೇ ಕರೆದರು! ಆ ಲಸಿಕೆಯೂ ರೈತರ ಕೈಯಲ್ಲಿ ಎಲ್ಲ ಕಡೆ ಒಂದೇ ರೀತಿ ಕೆಲಸ ಮಾಡಲಿಲ್ಲ. ಆದರೆ ದಾರಿ ಸಿಕ್ಕಿತ್ತು. 1881ರಲ್ಲಿ ಕುರಿಗಳ ನೆರಡಿ ರೋಗಕ್ಕೆ, 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಬಂತು. ಹುಚ್ಚುನಾಯಿ ರೋಗದ ವೈರಸ್ಸನ್ನು ಅವರು ಕಣ್ಣಿಂದ ಕಂಡವರೇ ಅಲ್ಲ.

ಪಾಶ್ಚರ್‌ಗೆ ಸಿಗದ ಉತ್ತರ

ರೋಗಾಣು ಸೌಮ್ಯವಾಗುವುದೇಕೆ? ಗಾಳಿಯ ಆಮ್ಲಜನಕದಿಂದ ಎಂದು ಪಾಶ್ಚರ್ ನಂಬಿದ್ದರು. ಜೀನ್‌ಗಳ ವಿಷಯ ಆಗ ಗೊತ್ತಿರಲಿಲ್ಲ. ಇಂದು ಮತ್ತೊಂದು ಕೋಳಿ ರೋಗದಲ್ಲಿ, ಅಂದರೆ ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗ ಎನ್ನುವ ರಾಣಿಖೇತ್‌ನಲ್ಲಿ, ಉತ್ತರ ಸ್ಪಷ್ಟವಾಗಿ ಕಾಣುತ್ತದೆ.

ಈ ವೈರಸ್ಸಿನ ಮೈಮೇಲೆ ಫ್ಯೂಷನ್ ಪ್ರೋಟೀನ್ ಇದೆ. ವೈರಸ್ ಜೀವಕೋಶದ ಪೊರೆಗೆ ಬೆಸೆದುಕೊಂಡು ಒಳನುಗ್ಗಿ ಮರಿ ಮಾಡಬೇಕಾದರೆ, ಮೊದಲು ಕೋಳಿಯ ದೇಹದ ಕಿಣ್ವವೊಂದು ಈ ಪ್ರೋಟೀನನ್ನು ಒಂದು ಜಾಗದಲ್ಲಿ ಕತ್ತರಿಸಬೇಕು. ಸೌಮ್ಯ ತಳಿಯಲ್ಲಿ ಆ ಜಾಗವನ್ನು ಕತ್ತರಿಸುವ ಕಿಣ್ವ ಉಸಿರಾಟದ ಮಾರ್ಗ, ಕರುಳಿನಂಥ ಕಡೆ ಮಾತ್ರ ಸಿಗುತ್ತದೆ. ವೈರಸ್ ಅಲ್ಲಿಗೇ ಸೀಮಿತ. ಉಗ್ರ ತಳಿಯಲ್ಲಿ ಅದೇ ಜಾಗದಲ್ಲಿ ಆರ್ಜಿನಿನ್, ಲೈಸಿನ್ ಎಂಬ ಅಮೈನೋ ಆಮ್ಲಗಳು ಹೆಚ್ಚು. ಅದನ್ನು ಕತ್ತರಿಸುವ ಫ್ಯೂರಿನ್ ಕಿಣ್ವ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇದೆ. ಹಾಗಾಗಿ ವೈರಸ್ ಮಿದುಳಿನವರೆಗೂ ಹಬ್ಬುತ್ತದೆ, ಕತ್ತು ತಿರುಚಿಕೊಳ್ಳುತ್ತದೆ, ಕೋಳಿಗಳು ಸಾಲುಸಾಲಾಗಿ ಸಾಯುತ್ತವೆ. ಬೇರೆ ಜೀನ್‌ಗಳ ಪಾತ್ರವೂ ಇದೆ, ಆದರೆ ಮುಖ್ಯ ಕೀಲಿ ಇದೇ. 1998ರಲ್ಲಿ ಆಸ್ಟ್ರೇಲಿಯಾದಲ್ಲಿ ಇಂಥ ಸಣ್ಣ ಬದಲಾವಣೆಯಿಂದಲೇ ಸ್ಥಳೀಯ ಸೌಮ್ಯ ವೈರಸ್ ಉಗ್ರವಾಗಿ ಫಾರಂಗಳಿಗೆ ಹರಡಿತು.

ನಿಮಗೆ ಇದರಿಂದೇನು?

ಲಸಿಕೆ ಹಾಕಿಸಿದರೆ ಕೋಳಿಗೆ ರೋಗ ತರಿಸಿದಂತೆ ಎಂಬ ಮಾತನ್ನು ನಂಬಬೇಡಿ. ಮರಿಗಳ ಕಣ್ಣಿಗೆ ಹನಿ ಹಾಕುವ ಲಸೋಟಾ, ಎಫ್-1 ಲಸಿಕೆಗಳಲ್ಲಿ ಇರುವುದು ಸೌಮ್ಯ ತಳಿ. ಸಾಮಾನ್ಯವಾಗಿ ಕೆಲವು ದಿನ ಸ್ವಲ್ಪ ಸೀನಬಹುದು, ಅಷ್ಟೆ. ಆದರೆ ರೋಗ ಬಂದ ಮೇಲೆ ಲಸಿಕೆ ಔಷಧಿಯಾಗುವುದಿಲ್ಲ. ವೈರಸ್ಸಿಗೆ ಆಂಟಿಬಯಾಟಿಕ್ ಕೂಡ ನಾಟದು. ಯಾವ ಲಸಿಕೆ, ಯಾವ ವಯಸ್ಸಿಗೆ ಎಂಬುದನ್ನು ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಅವರ ಕತೆಯನ್ನು ಮುಂದೆ ಯಾರಿಗಾದರೂ ಕಳಿಸುವಾಗ, ಮರೆತ ಸೀಸೆಯ ಜೊತೆ ಆ ತಿಂಗಳುಗಟ್ಟಲೆಯ ಕೆಲಸವನ್ನೂ ಸೇರಿಸಿ ಕಳಿಸಿ.