ಮರದ ಒಳದಾರಿಯನ್ನು ಕಂಡ ಡಾ. ಬಿ. ಜಿ. ಎಲ್. ಸ್ವಾಮಿ

ಡಾ. ಬಿ. ಜಿ. ಎಲ್. ಸ್ವಾಮಿಯವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ‘ಹಸುರು ಹೊನ್ನು’, ‘ಕಾಲೇಜು ರಂಗ’ಗಳನ್ನು ಓದಿ ನಕ್ಕವರು ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮವರಲ್ಲಿಯೂ ಇದ್ದಾರೆ. ಆದರೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಅವರು ಕಂಡುದೇನೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುಮಂದಿ ಸುಮ್ಮನಾಗುತ್ತೇವೆ. ಸಾಹಿತಿಯನ್ನು ಉಳಿಸಿಕೊಂಡು ವಿಜ್ಞಾನಿಯನ್ನು ಮರೆತ ಈ ಲೆಕ್ಕ ಸರಿಯಲ್ಲವೆಂದು ನಮಗೆ ತೋರುತ್ತದೆ.

ಡಿ. ವಿ. ಜಿ.ಯವರ ಸುಪುತ್ರರಾಗಿ ಸ್ವಾಮಿಯವರು 1918ರ ಫೆಬ್ರವರಿ 5ರಂದು ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮುಂದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಮರಗಳ ಒಳರಚನೆಯಲ್ಲಿ ಪ್ರಖ್ಯಾತರಾದ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿದರು.

ಆ ಸಂಶೋಧನೆಯ ಬೆಲೆ ತಿಳಿಯಬೇಕಾದರೆ ಮರದ ಒಳವ್ಯವಹಾರವನ್ನು ತುಸು ಅರಿಯಬೇಕು. ಬೇರು ಹೀರಿದ ನೀರೂ ಅದರಲ್ಲಿ ಕರಗಿದ ಲವಣಗಳೂ ಮೇಲೇರುವುದು ದಾರುವಿನ, ಎಂದರೆ ಕಟ್ಟಿಗೆಯ ಭಾಗದ ಮೂಲಕ. ಎಲೆಯಲ್ಲಿ ಸಿದ್ಧವಾದ ಸಕ್ಕರೆ ಸಾಗುವುದು ತೊಗಟೆಯ ಒಳಮಗ್ಗುಲಿನ ಬೇರೊಂದು ಅಂಗಾಂಶದಲ್ಲಿ. ನೀರನ್ನೆತ್ತಲು ಮರಕ್ಕೆ ಪಂಪು ಇಲ್ಲ. ಎಲೆಗಳಿಂದ ನೀರು ಆವಿಯಾದಂತೆಲ್ಲ, ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳ ಸರಪಳಿಯೇ ಕೆಳಗಿನಿಂದ ಸೆಳೆದುಕೊಂಡು ಬರುತ್ತದೆ. ಮಾವು, ಹಲಸುಗಳಲ್ಲಿ ದಾರುವಿನ ಸತ್ತ ಕೋಶಗಳು ತುದಿಗೋಡೆ ತೆರೆದು, ಒಂದರ ಮೇಲೊಂದು ಕೂಡಿ, ಉದ್ದನೆಯ ನಾಳಗಳಾಗುತ್ತವೆ. ಪೈನ್ ಮರದಲ್ಲಿ ಈ ನಾಳಗಳಿಲ್ಲ. ನೀರು ಗೋಡೆಯ ಸಣ್ಣ ಕುಳಿಗಳ ಮೂಲಕ ಕೋಶದಿಂದ ಕೋಶಕ್ಕೆ ನುಸುಳಬೇಕು. ಮಹಡಿಗೆ ನೆಟ್ಟಗೆ ನಲ್ಲಿ ಬರುವುದಕ್ಕೂ, ಚಾಳಿನ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಕೊಡ ದಾಟಿಸುವುದಕ್ಕೂ ಇರುವ ಅಂತರವೆನ್ನೋಣ.

ಹೂ ಬಿಡುವ ಸಸ್ಯಗಳಲ್ಲಿ ನಾಳವಿಲ್ಲದವು ಅತ್ಯಲ್ಪ. ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲ ಎಂಬ ಗಿಡವು ಅಂಥದೆಂದು ಬೈಲಿ ಮತ್ತು ಸ್ವಾಮಿ 1948ರಲ್ಲಿ ವಿವರಿಸಿದರು. 1950ರಲ್ಲಿ ಸಾರ್ಕಾಂಡ್ರ ಎಂಬ ಕುಲವನ್ನೂ ಆ ಪಟ್ಟಿಗೆ ಸೇರಿಸಿದರು. ಅದೇ ಕುಲದ, ದಕ್ಷಿಣ ಭಾರತದ ಒಂದು ಪ್ರಭೇದಕ್ಕೆ ಸ್ವಾಮಿಯವರು ಬೈಲಿಯವರ ಹೆಸರನ್ನೇ ಇಟ್ಟರು.

ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರೂ ಆಗಿ ಕೆಲಸ ಮಾಡಿದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಅನುಭವವೇ ‘ಹಸುರು ಹೊನ್ನು’. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1980ರ ನವೆಂಬರ್ 2ರಂದು, ರಾಜ್ಯೋತ್ಸವದ ಮರುದಿನ, 62ನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಅವರ ಬರಹದ ಪರಿಶೀಲನೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. 1987ರಲ್ಲಿ ಅಮೆರಿಕದ ಕಾರ್ಲ್‌ಕ್ವಿಸ್ಟ್ ಎಂಬ ವಿದ್ವಾಂಸರು ಸಾರ್ಕಾಂಡ್ರದ ಬೇರಿನ ದಾರುವಿನಲ್ಲಿ ನಾಳಗಳಿರುವುದನ್ನು ತೋರಿಸಿದರು. ಇದರಿಂದ ಸ್ವಾಮಿಯವರ ಕೀರ್ತಿಗೆ ಕುಂದೆಂದು ನಾವು ಭಾವಿಸುವುದಿಲ್ಲ. ತಿದ್ದುವವರಿಗೂ ತಿದ್ದಲು ಒಂದು ಬರಹ ಬೇಕಲ್ಲ! ಇತ್ತ ಅಂಬೊರೆಲ್ಲದ ಮಾತು ನಿಂತಿತು. ಬದುಕಿರುವ ಹೂಸಸ್ಯಗಳಲ್ಲೆಲ್ಲ ಎಲ್ಲಕ್ಕಿಂತ ಮೊದಲು ಕವಲೊಡೆದ ವಂಶ ಅದರದೇ ಎಂದು 1999ರಲ್ಲಿ ಡಿಎನ್‌ಎ ಪರೀಕ್ಷೆಗಳು ತಿಳಿಸಿದವು. ಅಂದಿನಿಂದ ಜಗತ್ತಿನ ಸಸ್ಯವಿಜ್ಞಾನಿಗಳು ಆ ಸಣ್ಣ ಗಿಡದ ಒಳದಾರಿಯನ್ನು ಅರಸುತ್ತ 1948ರ ಆ ಲೇಖನಕ್ಕೆ ಮರಳಿ ಬರುತ್ತಿದ್ದಾರೆ.